ರೇಜರ್ ಇಟ್ಟುಕೊಂಡು ಹೆರಿಗೆಗೆ ಕಾದವಳು

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ರೇಜರಿನ ಹಿಡಿ ನೀಲಿ ಎಂದು ನನ್ನ ನೆನಪು. ನಮ್ಮ ಆಶಾ ಕಾರ್ಯಕರ್ತೆ ಹಳದಿ ಎನ್ನುತ್ತಾಳೆ. ಆಂಬ್ಯುಲೆನ್ಸ್ ಹತ್ತುವಾಗ ಮಳೆ ಹನಿಯುತ್ತಿತ್ತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಆದರೆ ಕಣ್ಣು ಮುಚ್ಚಿದರೆ ಕಾಣುವುದು ಬಿಸಿಲು. ಬಣ್ಣ, ಮಳೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಒಂದು ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದೆ ಎಂಬುದು ತಪ್ಪಾದರೆ ಮಾತ್ರ ಒಬ್ಬರಿಗೆ ಅನ್ಯಾಯವಾಗುತ್ತದೆ. ಆ ಮಾತು ಕೊನೆಗೆ ಬರುತ್ತದೆ. ಮೊದಲು ಗಟ್ಟಿಯಾಗಿ ಗೊತ್ತಿರುವುದನ್ನು ಬರೆಯುತ್ತೇನೆ.

ನಾನು ರಾವಂದೂರು ಹೋಬಳಿಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯಾಧಿಕಾರಿ. ಓದಿದ್ದು ನರ್ಸಿಂಗ್ ಪದವಿ, ಊರವರ ಪಾಲಿಗೆ ಸಿಸ್ಟರ್. ಒಂದು ಕೋಣೆ, ಒಂದು ಪರೀಕ್ಷೆಯ ಮೇಜು, ಹಳೇ ಸೀರೆಯಿಂದ ಹೊಲಿಸಿದ ಒಂದು ಪರದೆ. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಎಲೆ ಹದ ಮಾಡುವ ಗೂಡಿಗೆ, ಅಂದರೆ ಬ್ಯಾರನ್ನಿಗೆ, ಬೆಂಕಿ ಹಾಕಿದ ಮನೆಗಳಲ್ಲಿ ಯಾರಿಗೂ ನಿದ್ದೆಯಿರುವುದಿಲ್ಲ. ಉರಿ ಏರಿದರೂ ಎಲೆ ಕೆಡುತ್ತದೆ, ಇಳಿದರೂ ಕೆಡುತ್ತದೆ. ಬಿಪಿ ನೋಡಿಸಲು ಬರುವವರ ಕೈಯಲ್ಲೆಲ್ಲ ಎಲೆಯ ಕಪ್ಪು ಅಂಟು.

ಆ ಹುಡುಗಿಯನ್ನು ಚುಂಚನಕಟ್ಟೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು, ತವರಿಗೆ ಬಂದು ಒಂಬತ್ತರಲ್ಲಿ ನಡೆಯುತ್ತಿತ್ತು. ಬಸಿರಲ್ಲಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಇದ್ದದ್ದರಿಂದ ವಾರಕ್ಕೊಮ್ಮೆ ನನ್ನ ಹತ್ತಿರ ಬಂದು ಬೆರಳು ಚುಚ್ಚಿಸಿಕೊಂಡು ಹೋಗುತ್ತಿದ್ದಳು. ಆವತ್ತು ಬಾಗಿಲಿನಿಂದ ಕುರ್ಚಿಯವರೆಗೆ ಅವಳು ನಡೆದ ರೀತಿ ನೋಡಿ ನನಗೆ ಅನುಮಾನ ಬಂತು. ತುಂಬು ಬಸುರಿಯರು ಕಾಲು ಅಗಲಿಸಿಯೇ ನಡೆಯುತ್ತಾರೆ. ಇವಳು ಹಾಗಲ್ಲ, ಎರಡು ತೊಡೆಗಳ ನಡುವೆ ಕೆಂಡ ಇಟ್ಟುಕೊಂಡವಳ ಹಾಗೆ ಹೆಜ್ಜೆ ಇಡುತ್ತಿದ್ದಳು. ಕೂರುವಾಗ ಕುರ್ಚಿಯ ಅಂಚಿನಲ್ಲೇ ಕೂತಳು.

ಏನಾಗಿದೆ ಎಂದು ಕೇಳಿದರೆ ಸೆಕೆ ಗುಳ್ಳೆ ಎಂದಳು. ಸಕ್ಕರೆ ನೋಡಿದೆ. ಹಿಂದಿನ ವಾರಕ್ಕಿಂತ ಬಹಳ ಏರಿತ್ತು. ಊಟದಲ್ಲಿ ಏನೂ ಬದಲಾಗಿಲ್ಲ ಎಂದು ಅವಳ ಅವ್ವ ಆಣೆಯಿಟ್ಟು ಹೇಳಿದಳು. ಊಟ ಬದಲಾಗದೆ ಸಕ್ಕರೆ ಏರಿದರೆ ಮೈಯಲ್ಲಿ ಎಲ್ಲೋ ಕೀವು ಇದೆಯೇ ಎಂದು ಹುಡುಕಬೇಕು. ನಾನು ಪರದೆ ಎಳೆದೆ. ಅವಳು ಅಲ್ಲಾಡಲಿಲ್ಲ. ಅವ್ವನನ್ನೂ ಆಶಾ ಕಾರ್ಯಕರ್ತೆಯನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಕಿಟಕಿಗೆ ಟವಲು ಕಟ್ಟಿದ ಮೇಲೆ ಮೇಜು ಹತ್ತಿದಳು. ಆಮೇಲೂ ಲಂಗದ ಅಂಚನ್ನು ಎರಡು ಕೈಯಲ್ಲೂ ಹಿಡಿದೇ ಇದ್ದಳು.

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಹೊಟ್ಟೆಯ ಕೆಳಗೆ, ತೊಡೆಸಂದಿನವರೆಗೆ ಕೂದಲೇ ಇರಲಿಲ್ಲ. ಚರ್ಮ ಪೂರ್ತಿ ಕೆಂಪು. ಒಂದೊಂದು ಕೂದಲಿನ ಬುಡದಲ್ಲೂ ಒಂದೊಂದು ಗುಳ್ಳೆ, ಕೆಲವಕ್ಕೆ ಕೀವಿನ ಬಿಳಿ ತಲೆ. ನಡುನಡುವೆ ಚರ್ಮದಡಿಯಲ್ಲೇ ಸುತ್ತಿಕೊಂಡ ಕೂದಲು, ಕಪ್ಪು ದಾರದ ತುಂಡಿನ ಹಾಗೆ. ಅವನ್ನು ಉಗುರಿನಿಂದ ಕೆದಕಿ ತೆಗೆಯಲು ನೋಡಿದ್ದರ ಗೀರುಗಳು. ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಆ ಭಾಗದ ಕೂದಲು ಒರಟು, ಸುರುಳಿ. ಅದು ಬೆಳೆಯುವ ದಿಕ್ಕಿಗೆ ಎದುರಾಗಿ ಬ್ಲೇಡು ಎಳೆದರೆ ತುದಿ ಚೂಪಾಗಿ ನಿಲ್ಲುತ್ತದೆ. ಮತ್ತೆ ಬೆಳೆಯುವಾಗ ಬಾಗಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಮೈ ಅದನ್ನು ಸಿಬಿರು ಹೊಕ್ಕ ಹಾಗೆ ಕಾಣುತ್ತದೆ, ಊದುತ್ತದೆ. ಬ್ಲೇಡು ಬಿಟ್ಟು, ಬಿಸಿನೀರಿನ ಬಟ್ಟೆ ಒತ್ತಿ, ಉಗುರು ತಾಗಿಸದೆ, ಸಡಿಲವಾದ ಹತ್ತಿಬಟ್ಟೆ ಉಟ್ಟುಕೊಂಡಿದ್ದರೆ ಹೆಚ್ಚಿನವು ತಾವಾಗಿಯೇ ಮೇಲೆ ಬರುತ್ತವೆ.

ಹೆದರಿಸಿದ್ದು ಬಲ ತೊಡೆಸಂದಿನಲ್ಲಿದ್ದ ಗಡ್ಡೆ. ನೆಲ್ಲಿಕಾಯಿ ಗಾತ್ರ, ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಸುಡುತ್ತಿತ್ತು. ಸುತ್ತ ಕೆಂಪು ಹರಡಿತ್ತು. ಮೈಸೂರಿನಲ್ಲಿ ಓದುತ್ತಿದ್ದಾಗ ಒಬ್ಬ ಹೆಂಗಸನ್ನು ನೋಡಿದ್ದೆ, ಅವಳಿಗೂ ಸಕ್ಕರೆ, ಅವಳಿಗೂ ಇಲ್ಲಿಯೇ ಒಂದು ಕುರು. ನಾನು ಡ್ಯೂಟಿ ಮುಗಿಸಿ ಹೋಗಿ ಮತ್ತೆ ಬರುವಷ್ಟರಲ್ಲಿ ಅವಳ ಚರ್ಮ ಅಂಗೈಯಗಲ ಕಪ್ಪಾಗಿತ್ತು. ಅವಳು ಉಳಿಯಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ, ವಾಸನೆ ನೆನಪಿದೆ. ಅಂದಿನಿಂದ ಸಕ್ಕರೆ ಇರುವವರ ತೊಡೆಸಂದಿನ ಕುರು ನೋಡಿದರೆ ಮೊದಲು ನನ್ನ ಮೂಗು ಹೆದರುತ್ತದೆ. ಈ ಹುಡುಗಿಯ ಹತ್ತಿರ ಬಾಗಿ ಮೂಸಿದೆ. ಸೋಪಿನ ವಾಸನೆ ಮಾತ್ರ ಇತ್ತು.

ಎಷ್ಟು ದಿನಕ್ಕೊಮ್ಮೆ ಶೇವ್ ಮಾಡುತ್ತೀಯ ಎಂದು ಕೇಳಿದೆ.

"ಒಂದಿನ ಬುಟ್ಟು ಒಂದಿನ," ಎಂದಳು. "ನೋವು ಯಾವತ್ ಬತ್ತದೆ ಅಂತ ಗೊತ್ತಾಗಕಿಲ್ವಲ್ಲ ಸಿಸ್ಟರ್."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂಬತ್ತು ತುಂಬುತ್ತಿದ್ದ ಹಾಗೆ ಯಾವ ಗಳಿಗೆಯಲ್ಲಾದರೂ ನೋವು ಬರಬಹುದು, ಯಾವ ಗಳಿಗೆಯಲ್ಲಾದರೂ ಆಸ್ಪತ್ರೆಗೆ ಹೊರಡಬೇಕಾಗಬಹುದು. ಹೊರಡುವಾಗ ಆ ಜಾಗ ನುಣ್ಣಗಿರಬೇಕು. ಆದ್ದರಿಂದ ದಿನ ಬಿಟ್ಟು ದಿನ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೈಗೆ ಹಚ್ಚುವ ಸೋಪನ್ನೇ ಉಜ್ಜಿ, ಒಂದೇ ಹಳೆಯ ರೇಜರನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದಳು.

"ಕಾಣ್ತದಾ ನಿಂಗೆ?" ಎಂದೆ.

"ಎಲ್ಲಿ ಕಾಣ್ತದೆ, ಹೊಟ್ಟೆ ಅಡ್ಡ ಬತ್ತದೆ. ಕೈಲಿ ತಡವ್ಕಂಡು ಮಾಡ್ತೀನಿ."

ಅಂದರೆ ಆ ಚರ್ಮವನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಯಾಕಿಷ್ಟು ಮಾಡುತ್ತೀಯ ಎಂದದ್ದಕ್ಕೆ, ಕ್ಲೀನಾಗಿ ಹೋಗದಿದ್ದರೆ ಹೆರಿಗೆ ಕೋಣೆಯಲ್ಲಿ ಎಲ್ಲರ ಮುಂದೆ ಬಯ್ಯುತ್ತಾರಂತೆ ಎಂದಳು. ಯಾರು ಹೇಳಿದರು ಎಂದರೆ ಎಲ್ಲರೂ ಹೇಳುತ್ತಾರೆ ಎಂದಳು. ಈಗ ಹೆರಿಗೆಗೆ ಶೇವ್ ಮಾಡುವುದನ್ನೇ ಬಿಟ್ಟಿದ್ದಾರೆ, ಬ್ಲೇಡಿನ ಗಾಯದಿಂದಲೇ ಸೋಂಕು ಹೆಚ್ಚು, ತೀರಾ ಬೇಕೆನಿಸಿದರೆ ಕತ್ತರಿಯಲ್ಲಿ ಗಿಡ್ಡ ಮಾಡಿದರೆ ಸಾಕು ಎಂದು ನಾನು ವಿವರಿಸಿದೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆ ಎಂದುಕೊಂಡೆ. ಈಗ ಯೋಚಿಸಿದರೆ, ಬೇಗ ಮೇಜಿನಿಂದ ಇಳಿಯಬೇಕೆಂಬ ಆಸೆಯಿಂದ ಆಡಿಸಿದ ತಲೆ ಅದು ಎನಿಸುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿದೆ. ಅವರು ಫೋಟೋ ಕಳಿಸಿ ಎಂದರು. ಫೋಟೋವಾ ಎಂದು ನಾನು ಅಂದದ್ದು ಕೇಳಿಸಿ, ಹುಡುಗಿಯ ಒಪ್ಪಿಗೆ ಕೇಳುವ ಮೊದಲೇ, ಬಾಗಿಲಾಚೆಯಿಂದ ಅವ್ವ, "ಫೋಟ ಗೀಟ ಬ್ಯಾಡಿ ಸಿಸ್ಟರ್, ಫೋನು ಎಲ್ಲೆಲ್ಲೋ ಓಯ್ತದೆ," ಎಂದಳು. ಅವಳು ಹೇಳಿದ್ದು ತಪ್ಪೆಂದು ಈಗಲೂ ನನಗನಿಸುವುದಿಲ್ಲ. ಮಾತಿನಲ್ಲೇ ವಿವರಿಸಿದೆ. ಕೆಂಪು ಎಂದೆ. ಎಷ್ಟು ಕೆಂಪು ಎಂದರು. ಗಟ್ಟಿ ಎಂದೆ. ಒಳಗೆ ಕೀವು ಅಲುಗಾಡುತ್ತದೆಯೇ ಎಂದರು. ಎರಡು ಬೆರಳಿಟ್ಟು ಒತ್ತಿ ನೋಡಿ, ಇಲ್ಲ ಎನಿಸುತ್ತದೆ ಎಂದೆ. ಎನಿಸುತ್ತದೆಯೋ, ಇಲ್ಲವೇ ಇಲ್ಲವೋ ಎಂದರು. ನನ್ನ ಮಾತಿನ ಮೇಲೆ ಒಬ್ಬಳ ಪ್ರಾಣ ನಿಂತಿದೆ ಎಂದು ಆಗ ಅರಿವಾಯಿತು. ಇನ್ನೊಮ್ಮೆ ಒತ್ತಿ ನೋಡಿ, ಇಲ್ಲ ಎಂದೆ. ಜ್ವರ ಇರಲಿಲ್ಲ, ಮಗು ಚೆನ್ನಾಗಿ ಆಡುತ್ತಿತ್ತು. ಬಸುರಿಯರಿಗೆ ಕೊಡಬಹುದಾದ ಆಂಟಿಬಯಾಟಿಕ್ ಶುರು ಮಾಡಿ ಎಂದರು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆ ದಾಟಿದರೆ, ಜ್ವರ ಬಂದರೆ, ಮಗುವಿನ ಆಟ ಕಡಿಮೆಯಾದರೆ ನನ್ನನ್ನು ಕೇಳುತ್ತ ಕೂರಬೇಡಿ, ನೇರ ಮೈಸೂರಿಗೆ ಕಳಿಸಿ ಎಂದರು.

ಲಸಿಕೆಯ ಡಬ್ಬಿಗಳ ಮೇಲೆ ಬರೆಯುವ ಮಾರ್ಕರ್ ತಂದು ಕೆಂಪಿನ ಅಂಚಿನ ಸುತ್ತ ಗೆರೆ ಎಳೆದೆ. ತಣ್ಣಗಿನ ತುದಿ ತಾಗಿದಾಗೆಲ್ಲ ಅವಳು ಬೆಚ್ಚುತ್ತಿದ್ದಳು. ಕೆಂಪು ಈ ಗೆರೆ ದಾಟಿದರೆ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾಳೆ ಬೆಳಿಗ್ಗೆ ನಾನೇ ಮನೆಗೆ ಬಂದು ನೋಡುತ್ತೇನೆ ಎಂದೆ.

"ನಾಳೀಕೇಯ?" ಎಂದಳು.

ಬೆಳಿಗ್ಗೆ ಬೇಗ ಬರುತ್ತೇನೆ ಎಂದೆ. ಅವಳು ಕೇಳಿದ್ದು ನಾನು ಬರುವ ಹೊತ್ತನ್ನು ಎಂದುಕೊಂಡಿದ್ದೆ.

ಆ ಸಂಜೆ ಹುಣಸೂರಿನಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಎರಡು ಮೂರು ನರ್ಸಿಂಗ್ ಹೋಮುಗಳ ಹೆರಿಗೆ ಕೋಣೆಯಲ್ಲಿ ಆಯಾ ಆಗಿ ದುಡಿದು ಮಕ್ಕಳನ್ನು ಓದಿಸಿದವಳು. ನಾನು ನರ್ಸಿಂಗ್ ಸೇರಿದ್ದೂ ಅವಳನ್ನು ನೋಡಿಯೇ ಎಂದು ಅಮ್ಮ ಹೇಳುತ್ತಾಳೆ; ನನಗೆ ಅದು ನೆನಪಿಲ್ಲ. ಯಾರ ಹೆಸರೂ ಹೇಳದೆ, ಬಯ್ಗುಳಕ್ಕೆ ಹೆದರಿ ಒಬ್ಬಳು ದಿನ ಬಿಟ್ಟು ದಿನ ಬ್ಲೇಡು ಎಳೆದುಕೊಳ್ಳುತ್ತಿದ್ದಾಳೆ ಎಂದೆ.

"ಈಗ್ಲೂ ಎದುರ್ತವಾ?" ಎಂದು ನಕ್ಕಳು. "ಆಗೆಲ್ಲ ನಾವೇ ಮಾಡ್ತಿದ್ದೋ ಕಣೆ. ಬಂದೋರ್ನ ಮಲಗ್ಸದು, ಬರಬರ ಅಂತ ಎಳೆಯದು. ನೋವಲ್ಲಿ ಅವ್ಕೆಲ್ಲಿ ಗ್ಯಾನ ಇರ್ತಿತ್ತು."

ಆಮೇಲೆ ಯಾರಿಗಾದರೂ ಗುಳ್ಳೆ, ಕುರು ಆಗಿ ವಾಪಸು ಬಂದದ್ದುಂಟಾ ಎಂದು ಕೇಳಿದೆ.

"ಹೆತ್ತೋರು ಮನೀಗೋದ್ರು. ಆಮೇಕಿಂದು ನಂಗೇನ್ ಗೊತ್ತು," ಎಂದಳು. ನಿನ್ನ ಊಟವಾಯಿತಾ ಎಂದು ವಿಚಾರಿಸಿ ಫೋನಿಟ್ಟಳು.

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಜೊತೆ ಅವರ ಮನೆಗೆ ಹೋದೆ. ಅವ್ವ ಬ್ಯಾರನ್ನಿನ ಬಾಯಿಗೆ ಸೌದೆ ನೂಕುತ್ತಿದ್ದಳು, ಕಣ್ಣು ಕೆಂಡವಾಗಿದ್ದವು. ಒಳಗೆ ಹೋಗಿ ಎಂದು ತಲೆಯಲ್ಲೇ ಸನ್ನೆ ಮಾಡಿದಳು. ಹುಡುಗಿ ಒಳಕೋಣೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಿಂದಿದ್ದಳು, ತಲೆ ಬಾಚಿ ಹೂ ಮುಡಿದಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ. ಕಿಟಕಿಯಲ್ಲಿ ಕನ್ನಡಿ, ಸೋಪು, ರೇಜರು. ನೀಲಿ ಹಿಡಿಯದ್ದು.

"ಕ್ಲೀನ್ ಮಾಡ್ಕಂಡಿವ್ನಿ ಸಿಸ್ಟರ್," ಎಂದಳು. "ಓಗಾನ ಅಂದ್ರೂ ರೆಡಿ."

ಬಟ್ಟೆ ಸರಿಸಿ ನೋಡಿದೆ. ಗೆರೆ ಇರಲಿಲ್ಲ. ಆಸ್ಪತ್ರೆಯವರು ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು ಶಾಯಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದಿದ್ದಳು. ಅದರ ಮೇಲೆ ರೇಜರು ಎಳೆದಿದ್ದಳು. ಗಡ್ಡೆಯ ನೆತ್ತಿಯ ಚರ್ಮ ಕಿತ್ತು ನೀರು ಒಸರುತ್ತಿತ್ತು. ಉಜ್ಜಿದ ಕೆಂಪು, ಬ್ಲೇಡಿನ ಕೆಂಪು, ಕೀವಿನ ಕೆಂಪು ಎಲ್ಲ ಒಂದರೊಳಗೊಂದು ಬೆರೆತು ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವಂತಿರಲಿಲ್ಲ. ದೊಡ್ಡಾಸ್ಪತ್ರೆ ಎಂಬ ನನ್ನ ಒಂದು ಮಾತು ಕೇಳಿ, ನಾಳೆಯೇ ಹೊರಡಬೇಕು ಎಂದುಕೊಂಡು ಅವಳು ತಯಾರಾಗಿದ್ದಳು. ಬ್ಲೇಡು ಬೇಡ ಎಂದು ನಾನು ಹೇಳಿದ ಅಷ್ಟೂ ಮಾತಿಗಿಂತ ಆ ಒಂದು ಪದ ಅವಳ ಕಿವಿಯಲ್ಲಿ ಜೋರಾಗಿ ಕೇಳಿಸಿತ್ತು.

ನಿನ್ನೆಯ ಗೆರೆ ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ತೊಡೆಯ ಮಡಿಕೆಯಿಂದ ಎರಡು ಬೆರಳು ಕೆಳಗೆ. ಮೂರೂ ಇರಬಹುದು. ಹೊಟ್ಟೆಯ ಕಡೆ, ಬಸುರಿಯರಿಗೆ ಹೊಕ್ಕುಳಿನಿಂದ ಇಳಿಯುವ ಕಪ್ಪು ಗೀಟಿನ ಹತ್ತಿರಕ್ಕೆ ಬಂದಿತ್ತೇ? ಎಳೆದ ಕೈ ನನ್ನದೇ, ಆದರೂ ಕೈಗೆ ನೆನಪಿರಲಿಲ್ಲ. ನೆನಪಿದೆ ಎಂದುಕೊಂಡ ಕೂಡಲೇ ಗೆರೆ ನನ್ನ ಧೈರ್ಯಕ್ಕೆ ತಕ್ಕ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಹೆದರಿದರೆ ಒಳಗೆ ಸರಿಯುತ್ತಿತ್ತು, ಸಮಾಧಾನ ಮಾಡಿಕೊಂಡರೆ ಹೊರಗೆ.

ಥರ್ಮಾಮೀಟರ್ ಇಟ್ಟೆ. ಜ್ವರ ಇತ್ತು, ಹೆಚ್ಚಿರಲಿಲ್ಲ. ನಾಡಿ ಓಡುತ್ತಿತ್ತು. ಮಗು ಆಡುತ್ತಿದೆಯಾ ಎಂದರೆ, "ಬೆಳಗಿಂದ ಸುಮ್ನದೆ, ಮಲಗದೆ ಅನ್ಸುತ್ತೆ," ಎಂದಳು. ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರಕ್ಕೆ ಜೆಲ್ ಹಚ್ಚಿ ಹೊಟ್ಟೆಯ ಮೇಲಿಟ್ಟೆ. ಬರೀ ಗಾಳಿಯ ಸದ್ದು. ಜಾಗ ಬದಲಿಸಿದೆ. ಅವಳದೇ ನಾಡಿಯ ಸದ್ದು. ಆಶಾ ಕಾರ್ಯಕರ್ತೆ ನನ್ನ ಮುಖ ನೋಡುತ್ತಿದ್ದಳು, ಹುಡುಗಿ ಅವಳ ಮುಖ ನೋಡುತ್ತಿದ್ದಳು. ಕೊನೆಗೆ ಎಡಪಕ್ಕಕ್ಕೆ ಹೊರಳಿಸಿ ಕೆಳಗೆ ಹಿಡಿದಾಗ ಸಿಕ್ಕಿತು, ಓಡುವ ಮರಿಗುದುರೆಯ ಸದ್ದು. ಇರಬೇಕಾದ್ದಕ್ಕಿಂತ ವೇಗವಾಗಿತ್ತು.

ಹೊಸ ಗೆರೆ ಎಳೆದು ಮಧ್ಯಾಹ್ನದವರೆಗೆ ಕಾಯಬಹುದಿತ್ತು. ಒಂದು ಕುರು, ಸಣ್ಣ ಜ್ವರ, ಆಡದೆ ಮಲಗಿರುವ ಮಗು, ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಸುಮ್ಮನೆ ಮೈಸೂರಿಗೆ ಅಟ್ಟಿದರೆ ಊರಲ್ಲಿ ಮುಂದಿನ ಸಲ ಯಾರೂ ನನ್ನ ಮಾತು ಕೇಳುವುದಿಲ್ಲ ಎಂಬ ಅಳುಕೂ ಇತ್ತು. ಆದರೆ ವೈದ್ಯರು ಹೇಳಿದ ಮೂರರಲ್ಲಿ ಎರಡು ಆಗಲೇ ಬಂದಿದ್ದವು; ಗೆರೆಯೂ ಎಲ್ಲಿತ್ತೆಂದು ಗೊತ್ತಿಲ್ಲದ ಮೇಲೆ, ದಾಟಿದೆ ಎಂದೇ ಹಿಡಿಯಬೇಕು. ನನ್ನ ನೆನಪಿನ ಮೇಲೆ ಅವಳನ್ನು ಬಿಡಲಾರೆ ಎನಿಸಿತು. ನೂರೆಂಟಕ್ಕೆ ಫೋನ್ ಮಾಡಿದೆ.

ಅವ್ವ ಬ್ಯಾರನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. "ಒಂದ್ ಕುರುಗೆ ಮೈಸೂರ್ಗಂಟ ಓಯ್ತಾರ ಸಿಸ್ಟರ್? ಬೆಲ್ಲ ಸುಣ್ಣ ಆಕುದ್ರೆ ಒಡ್ಕತದೆ ಬುಡಿ."

ಸಕ್ಕರೆ ಇರುವವರಿಗೆ ಹಾಗಲ್ಲ ಎಂದು ಹೇಳಲು ಶುರು ಮಾಡಿದೆ. ನನ್ನ ಮಾತು ತೊದಲುತ್ತಿತ್ತು. ಮೈಸೂರಿನ ಆ ಹೆಂಗಸಿನ ಕಥೆ ಹೇಳಬೇಕೆನಿಸಿತು, ಹುಡುಗಿ ಕೇಳಿಸಿಕೊಳ್ಳುತ್ತಿದ್ದಾಳೆಂದು ಹೇಳಲಿಲ್ಲ. ಆಗ ಆಶಾ ಕಾರ್ಯಕರ್ತೆ ಅವ್ವನ ಕೈ ಹಿಡಿದು, "ಅಕ್ಕೋ, ಸಿಸ್ಟ್ರು ಕೈ ನೋಡು, ಎಂಗ್ ನಡುಗ್ತಾ ಅದೆ. ಓದಿರೋರೇ ಎದುರ್ಕಂಡವ್ರೆ ಅಂದ್ರೆ ಸುಮ್ಕೆ ಅಲ್ಲ ಕಣಕ್ಕ. ನಡಿ," ಎಂದಳು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಆದರೆ ಅವ್ವ ಒಪ್ಪಿದ್ದು ಅದನ್ನು ನೋಡಿಯೇ. ಪಕ್ಕದ ಮನೆಯವರನ್ನು ಉರಿ ನೋಡಿಕೊಳ್ಳಲು ಕೂಗಿ, ಸೀರೆ ಬದಲಿಸಲು ಒಳಗೆ ಹೋದಳು.

ಆಂಬ್ಯುಲೆನ್ಸ್ ಬಂದಾಗ ಹುಡುಗಿ ಹತ್ತಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತಳು. "ನೀವೂ ಬತ್ತೀರಾ ಸಿಸ್ಟರ್?"

ಅವತ್ತು ಮಕ್ಕಳಿಗೆ ಚುಚ್ಚುಮದ್ದಿನ ದಿನ. ಕೇಂದ್ರದ ಮುಂದೆ ತಾಯಂದಿರು ಆಗಲೇ ಬಂದು ಕೂತಿರುತ್ತಾರೆ. ನಾನು ಬರುವುದಿಲ್ಲ, ಆಂಬ್ಯುಲೆನ್ಸಿನವರು ನೋಡಿಕೊಳ್ಳುತ್ತಾರೆ ಎನ್ನುವುದೇ ಪದ್ಧತಿ.

"ನೀವ್ ಇದ್ರೆ ಬಯ್ಯಕಿಲ್ಲ," ಎಂದಳು.

ಕೀವು, ಸಕ್ಕರೆ, ಮಗು, ಇವು ಯಾವುವೂ ಅವಳ ಭಯದ ಪಟ್ಟಿಯಲ್ಲಿ ಇರಲಿಲ್ಲ. ಇದ್ದವೋ ಏನೋ, ಮೊದಲಿಗಂತೂ ಇರಲಿಲ್ಲ. ನಾನು ಹೆದರಿದ್ದು ಒಂದಕ್ಕೆ, ಅವಳು ಹೆದರಿದ್ದು ಇನ್ನೊಂದಕ್ಕೆ. ಅವಳ ಭಯಕ್ಕೆ ಉತ್ತರ ಹೇಳದೆ ನನ್ನ ಭಯಕ್ಕೆ ಔಷಧಿ ಇರಲಿಲ್ಲ. ಕೇಂದ್ರಕ್ಕೆ ಬದಲಿ ಸಿಸ್ಟರನ್ನು ಕಳಿಸಿ ಎಂದು ವೈದ್ಯರಿಗೆ ಫೋನ್ ಮಾಡಿ ಹತ್ತಿಕೊಂಡೆ.

ಅವಳನ್ನು ಎಡಮಗ್ಗುಲಲ್ಲಿ ಮಲಗಿಸಿದ್ದೆ. ಕಾಲ ಬಳಿ ಅವ್ವ. ಪ್ರತಿ ಗುಂಡಿಗೂ ಹುಡುಗಿ ತುಟಿ ಕಚ್ಚುತ್ತಿದ್ದಳು. ನಾನು ಆಗಾಗ ಬಟ್ಟೆ ಸರಿಸಿ ಚರ್ಮದ ಬಣ್ಣ ನೋಡುತ್ತಿದ್ದೆ, ಕಪ್ಪು ತಿರುಗುತ್ತಿದೆಯೇ ಎಂದು. ವ್ಯಾನಿನೊಳಗಿನ ಬೆಳಕಿನಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತಿತ್ತು. ಹುಣಸೂರು ಹತ್ತಿರ ಬರುವಾಗ ಅವ್ವ ತಾನಾಗಿಯೇ ಮಾತಾಡಿದಳು, ಮಗಳಿಗೆ ನಿದ್ದೆ ಹತ್ತಿದೆ ಎಂದುಕೊಂಡು.

"ನಾನೇ ಏಳಿದ್ದು ಸಿಸ್ಟರ್ ಅವ್ಳಿಗೆ, ಕ್ಲೀನ್ ಮಾಡ್ಕೊ ಅಂತ. ಇವ್ಳ ಎರೋಕೆ ಓದಾಗ ಅಲ್ಲಿ ಆಯಾ ಒಬ್ಳು ಬಟ್ಟೆ ಎತ್ ನೋಡ್ಬುಟ್ಟು, 'ಕಬ್ಬಿನ ಗದ್ದೆ ಬೆಳ್ಸ್ಕಂಡು ಬಂದಿದ್ದೀಯಲ್ಲವ್ವ, ಕೂಸ್ನ ಎಲ್ಲಿ ಅಂತ ಹುಡುಕಾನ' ಅಂದ್ಲು. ಎಲ್ಲಾ ನಕ್ಬುಟ್ರು. ಡಾಕ್ಟ್ರೂವೆ." ಮಗಳ ಕಾಲ ಮೇಲಿನ ಹೊದಿಕೆ ಸರಿ ಮಾಡಿದಳು. "ನೋವೆಲ್ಲ ಮರ್ತೋಯ್ತು ಸಿಸ್ಟರ್. ಅದೊಂದು ಮರೀನಿಲ್ಲ."

ಆ ಮಾತು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಕೇಳಿದ್ದೆ. ಗೌರಿ ಹಬ್ಬಕ್ಕೆ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಕಡುಬು ಮಾಡುತ್ತ ಕೂತಿದ್ದಾಗ, ದೊಡ್ಡಮ್ಮ ದನಿ ಬದಲಿಸಿ, ಕೈ ಸೊಂಟಕ್ಕಿಟ್ಟು, ಕಬ್ಬಿನ ಗದ್ದೆ ಎನ್ನುತ್ತಾಳೆ, ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಅರ್ಥವಾಗದ ನಾನೂ ನಗುತ್ತೇನೆ. ಅಷ್ಟು ಸ್ಪಷ್ಟವಾಗಿ ಕಂಡಿತು. ಅಷ್ಟು ಸ್ಪಷ್ಟವಾಗಿ ಕಂಡದ್ದೇ ನನ್ನ ಅನುಮಾನಕ್ಕೆ ಕಾರಣ. ದೊಡ್ಡಮ್ಮ ಆಸ್ಪತ್ರೆಯ ಕಥೆಗಳನ್ನು ನಟಿಸಿ ಹೇಳುತ್ತಿದ್ದದ್ದು ನಿಜ, ನಾವು ನಗುತ್ತಿದ್ದದ್ದೂ ನಿಜ. ಈ ಮಾತು ಅದರೊಳಗೆ ಮೊದಲೇ ಇತ್ತೋ, ವ್ಯಾನಿನಲ್ಲಿ ಕೇಳಿದ ಗಳಿಗೆಯಲ್ಲಿ ಅಲ್ಲಿಗೆ ಹೋಗಿ ಸೇರಿಕೊಂಡಿತೋ ಹೇಳಲಾರೆ. ಬೆಳಿಗ್ಗೆಯಷ್ಟೇ ಒಂದು ಗೆರೆಯ ಜಾಗ ನೆನಪಿಸಿಕೊಳ್ಳಲಾರದೆ ಹೋದವಳು ನಾನು.

ಯಾವ ಆಸ್ಪತ್ರೆ ಎಂದು ಕೇಳಿದೆ. ಅವ್ವ ಹೇಳಿದ ಹುಣಸೂರಿನ ನರ್ಸಿಂಗ್ ಹೋಮ್ ಮುಚ್ಚಿ ಬಹಳ ಕಾಲವಾಗಿದೆ, ಈಗ ಆ ಕಟ್ಟಡದಲ್ಲಿ ಗೊಬ್ಬರದ ಅಂಗಡಿ. ದೊಡ್ಡಮ್ಮ ಕೆಲಸ ಮಾಡಿದವುಗಳಲ್ಲಿ ಅದೂ ಒಂದೇ? ನನಗೆ ಗೊತ್ತಿರಲಿಲ್ಲ. ಹುಣಸೂರಿನ ಬೀದಿ ದಾಟುವಾಗ ನಾನು ಕಿಟಕಿಯಿಂದ ಮುಖ ತಿರುಗಿಸಿ ಕೂತೆ. ಹುಡುಗಿಯ ಕಣ್ಣು ತೆರೆದೇ ಇದ್ದವು. ಅವಳೂ ಕೇಳಿಸಿಕೊಂಡಿದ್ದಳು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ನನಗಿಂತ ಚಿಕ್ಕವಳು. ನಾನು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದೆ. ಗೆರೆ ಎಲ್ಲಿತ್ತು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಪರದೆ ಎಳೆದು ಹೊದಿಕೆ ಎತ್ತಿದಳು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಮಣಿಕಟ್ಟು ಹಿಡಿದಳು. ಉಗುರುಗಳು ನಾಟಿದವು. ಕಾಯುತ್ತಿದ್ದಳು. ಹೊಡೆತಕ್ಕೆ ಕಾಯುವವರ ಹಾಗೆ ಭುಜ ಮೇಲೆ ಬಂದಿತ್ತು.

"ಎಲ್ಲಿ ಜಾಸ್ತಿ ನೋವು? ನೀವೇ ಬೆರಳಲ್ಲಿ ತೋರ್ಸಿ, ನಾನು ಅಲ್ಲಿ ಮುಟ್ಟೋದು ಕೊನೆಗೆ," ಎಂದಳು ಡಾಕ್ಟರ್.

ಹುಡುಗಿ ಕಣ್ಣು ಬಿಡಲು ಬಹಳ ಹೊತ್ತಾಯಿತು.

ಡಾಕ್ಟರ್ ಹಿರಿಯರನ್ನು ಕರೆಸಿದಳು. ಅವರು ಬಂದು ಗಡ್ಡೆಯ ಸುತ್ತ ಒತ್ತಿ ನೋಡುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಳಗೆ ಕೀವಿದೆ, ಆದರೆ ಚರ್ಮ ಸತ್ತಿಲ್ಲ, ಸತ್ತಿಲ್ಲ ಎಂದು ನಾಳೆಯೂ ನೋಡಿಯೇ ಹೇಳಬೇಕು ಎಂದರು. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಯ್ದು ಕೀವು ತೆಗೆದರು. ಬಂದ ಕೀವನ್ನು ನೋಡಿ, ಇದನ್ನು ನಾನು ನಿನ್ನೆ ಬೆರಳಿನಲ್ಲಿ ಒತ್ತಿ ಇಲ್ಲ ಎಂದಿದ್ದೆ ಎಂದುಕೊಂಡೆ. ಕೀವಿನ ಜೊತೆ ಸುರುಳಿ ಸುತ್ತಿದ ಒಂದು ಕೂದಲು ಬಂತು. ನರ್ಸ್ ಅದನ್ನು ಚಿಮಟದಲ್ಲಿ ಹಿಡಿದು ಹತ್ತಿಯ ಮೇಲಿಟ್ಟಳು. ಉಗುರಿನಷ್ಟೂ ಉದ್ದವಿರಲಿಲ್ಲ.

ಅವತ್ತು ರಾತ್ರಿಯಿಡೀ ರಕ್ತನಾಳಕ್ಕೆ ಔಷಧಿ ಹೋಯಿತು, ಸಕ್ಕರೆಗೆ ಇನ್ಸುಲಿನ್. ನಾನು ಸಂಜೆಯ ಬಸ್ಸಿಗೆ ವಾಪಸಾದೆ. ದಾರಿಯುದ್ದಕ್ಕೂ ಫೋನು ಕೈಯಲ್ಲೇ ಇತ್ತು. ಆ ಮುಂದಿನ ದಿನಗಳಲ್ಲಿ ಅವ್ವನ ಫೋನ್ ಬಂದಾಗೆಲ್ಲ ತೆಗೆಯುವ ಮೊದಲು ನನ್ನ ಮೂಗಿಗೆ ಆ ಹಳೆಯ ವಾಸನೆ ಬರುತ್ತಿತ್ತು. ಚರ್ಮ ಕಪ್ಪಾಗಲಿಲ್ಲ. ಜ್ವರ ಇಳಿಯಿತು. ಗಾಯ ಮಾಯುತ್ತಿದ್ದಾಗಲೇ ನೋವು ಶುರುವಾಗಿ ಹೆಣ್ಣುಮಗು ಹುಟ್ಟಿತು. ಹೆರಿಗೆ ಕೋಣೆಯಲ್ಲಿ ಬ್ಲೇಡು ಯಾರ ಕೈಯಲ್ಲೂ ಇರಲಿಲ್ಲ ಎಂದು ಹುಡುಗಿಯೇ ಹೇಳಿದಳು.

ಬಾಣಂತಿಯನ್ನು ನೋಡಲು ಮನೆಗೆ ಹೋದಾಗ ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. "ಯಾರೂ ಏನೂ ಅನ್ನಿಲ್ಲ ಸಿಸ್ಟರ್," ಎಂದಳು. ಸಂತೋಷಕ್ಕಿಂತ ಅನುಮಾನವೇ ಹೆಚ್ಚಿದ್ದ ದನಿ. "ಆವತ್ತು ನೀವಿದ್ರಿ, ಅದ್ಕೆ ಅನ್ನಿಲ್ಲ ಅನ್ಕಂಡಿದ್ದೆ. ಎರಿಗೇಲಿ ನೀವಿರ್ನಿಲ್ಲ. ಆಗ್ಲೂ ಅನ್ನಿಲ್ಲ." ಕಿಟಕಿಯಲ್ಲಿ ಕನ್ನಡಿ ಇತ್ತು, ಸೋಪಿತ್ತು. ರೇಜರ್ ಇರಲಿಲ್ಲ.

ಅಂದಿನಿಂದ ಬಸುರಿಯರ ತಪಾಸಣೆಯಲ್ಲಿ ರಕ್ತದೊತ್ತಡ ನೋಡುವಾಗಲೇ ಬ್ಲೇಡಿನ ವಿಷಯ ಎತ್ತುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ನನಗೆ ಈಗ ತಲೆಯಾಡಿಸುವವರನ್ನು ಕಂಡರೆ ಭಯ. ಅದಕ್ಕೇ ಆಶಾ ಕಾರ್ಯಕರ್ತೆ ಒಂದು ದಾರಿ ಮಾಡಿದ್ದಾಳೆ: ತಿಂಗಳು ತುಂಬಿದವರ ಮನೆಗೆ ಈ ಹುಡುಗಿಯ ಅವ್ವನನ್ನೇ ಕರೆದುಕೊಂಡು ಹೋಗುತ್ತಾಳೆ. ಅವ್ವ ಅಲ್ಲಿ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಕಬ್ಬಿನ ಗದ್ದೆಯ ಮಾತು ಹೇಳುತ್ತಾಳಂತೆ. ಹೇಳಿ, ಅವಳೂ ನಗುವುದಿಲ್ಲ, ಕೇಳಿದವರೂ ನಗುವುದಿಲ್ಲವಂತೆ.

ಅವರೆಕಾಯಿ ಕಾಲಕ್ಕೆ ಹುಣಸೂರಿಗೆ ಹೋದೆ. ದೊಡ್ಡಮ್ಮ ಜಗುಲಿಯಲ್ಲಿ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಹಿದುಕುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಕಾಳು ಬೋಗುಣಿಗೆ ಹಾರುತ್ತಿತ್ತು. ನಾನೂ ಕೂತು ಹಿದುಕಿದೆ. ಹುಡುಗಿಗೆ ಹೆಣ್ಣುಮಗುವಾದದ್ದು, ಕುರು ಕೊಯ್ದದ್ದು ಹೇಳಿದೆ. ಸದ್ಯ, ಎಂದಳು. ಅವಳ ಅವ್ವ ಹೆತ್ತ ನರ್ಸಿಂಗ್ ಹೋಮಿನ ಹೆಸರು ಹೇಳಿದೆ. ದೊಡ್ಡಮ್ಮ ಒಂದು ಕಾಳು ಒತ್ತಿದಳು, ಅದು ಬೋಗುಣಿಯ ಆಚೆ ಬಿತ್ತು. ಎತ್ತಿಕೊಂಡು ಸೆರಗಿಗೆ ಒರೆಸಿ ಒಳಗೆ ಹಾಕಿದಳು.

ನಾನು ಬರುವ ದಾರಿಯಲ್ಲಿ ಇನ್ನೊಂದು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದೆ: ನೀನು ಅಲ್ಲಿ ಕೆಲಸ ಮಾಡಿದ್ದೆಯಾ ಎಂದು. ಅದು ಕೇಳಬಹುದಾದ, ಉತ್ತರ ಸಿಗಬಹುದಾದ ಪ್ರಶ್ನೆ. ಬಾಯಿಗೆ ಬಂದದ್ದು ಅದಲ್ಲ. ನಾನು ಕೇಳಿ ಮುಗಿಸುತ್ತಲೇ ದೊಡ್ಡಮ್ಮ ಕಾಫಿಗೆ ನೀರಿಡುತ್ತೇನೆಂದು ಎದ್ದಳು, ಮೊಣಕಾಲಿಗೆ ಕೈ ಕೊಟ್ಟು ನಿಧಾನವಾಗಿ ಒಳಗೆ ಹೋದಳು, ಕಾಫಿ ತಂದಳು, ಬಸ್ಸಿಗೆ ಹೊತ್ತಾಗುತ್ತದೆ ಎಂದಳು. ಆಮೇಲೆಯೂ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ, ಊಟದ ಬಗ್ಗೆ, ಮಂಡಿನೋವಿನ ಬಗ್ಗೆ. ಅವಳಿಗೆ ಆವತ್ತು ಕೇಳಿಸಿತ್ತೋ ಇಲ್ಲವೋ, ಕೇಳಿಸಿದ್ದರೂ ಅದು ಅವಳದಲ್ಲದ ಮಾತಾಗಿತ್ತೋ, ನನಗೆ ಈವತ್ತಿಗೂ ತಿಳಿಯದು. ನಾನು ಕೇಳಿದ್ದು ಇಷ್ಟೇ.

"ಕಬ್ಬಿನ ಗದ್ದೆ ಅಂತ ಹೇಳ್ತಿದ್ಯಲ್ಲ ದೊಡ್ಡಮ್ಮ, ನಾವೆಲ್ಲ ನಗ್ತಿದ್ವಲ್ಲ. ಅಲ್ಲಿ ಮಲಗಿರ್ತಿದ್ದೋರೂ ನಗ್ತಿದ್ರಾ?"